ಕಸ ನೆಲ ಮುಟ್ಟದ ಊರು

ಹೊರದೇಶ ನೋಡಿಕೊಂಡು ಬಂದವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಅಲ್ಲಿನ ಜನಾನೇ ಹಾಗೆ ಬಿಡಿ. ಶಿಸ್ತು ಅನ್ನೋದು ರಕ್ತದಲ್ಲೇ ಇದೆ." ತೈವಾನಿನ ರಾಜಧಾನಿ ತೈಪೆಯಿಂದ ಬಂದಮೇಲೆ ನನ್ನ ಮುಂದೆಯೂ ಬಹಳ ಜನ ಇದೇ ಮಾತು ಆಡಿದರು. ಫೋಟೋ ತೋರಿಸಿದರೆ ಸಾಕು, ಬೀದಿ ಎಷ್ಟು ಚೊಕ್ಕಟ ಅಂತ ಒಂದು ಉದ್ಗಾರ, ಅದರ ಹಿಂದೆಯೇ ಈ ಮಾತು. ಕೇಳಿದಾಗಲೆಲ್ಲ ಏನೋ ಚುಚ್ಚಿದ ಹಾಗಾಗುತ್ತದೆ. ರಕ್ತದಲ್ಲೇ ಇದೆ ಅಂದುಬಿಟ್ಟರೆ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ ಅಲ್ವಾ? ಯಾರು ಜಗಳ ಮಾಡಿದರು, ಯಾರು ನಿಯಮ ಬರೆದರು, ಯಾರ ಜೇಬಿನಿಂದ ದುಡ್ಡು ಹೋಯಿತು, ಯಾರ ಸಂಜೆ ಕಳೆದುಹೋಯಿತು, ಇವೆಲ್ಲ ಆ ಒಂದು ಮಾತಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ನಾನು ಅಲ್ಲಿ ಕಂಡದ್ದು ಜನರ ಹುಟ್ಟುಗುಣವನ್ನಲ್ಲ. ಗಡಿಯಾರ ನೋಡಿಕೊಂಡು, ಕೈಯಾರೆ, ದಿನದಿನವೂ ಮಾಡುವ ಒಂದು ಕೆಲಸವನ್ನು.

ತೈಪೆಯಲ್ಲಿ ಓಡಾಡುವಾಗ ಕಸ ಇಲ್ಲದಿರುವುದಕ್ಕಿಂತ ಮೊದಲು ಕಸದ ಡಬ್ಬಿ ಇಲ್ಲದಿರುವುದು ಗಮನಕ್ಕೆ ಬರುತ್ತದೆ. ದಾ-ಆನ್ ಪಾರ್ಕಿನ ಪಕ್ಕದ ಗಲ್ಲಿಗಳಲ್ಲಿ ಟೀ ಕುಡಿಯುತ್ತ ನಡೆದರೆ ಖಾಲಿ ಲೋಟ ಕೈಯಲ್ಲೇ ಉಳಿಯುತ್ತದೆ. ಒಂದು ಬೀದಿ ಮುಗಿಯುತ್ತದೆ, ಇನ್ನೊಂದು ಮುಗಿಯುತ್ತದೆ, ಲೋಟ ಹಾಗೇ ಇರುತ್ತದೆ. ಕೊನೆಗೆ ಮೆಟ್ರೋ ಸ್ಟೇಷನ್ನಿನಲ್ಲಿ ಎಲ್ಲೋ ಒಂದು ಡಬ್ಬಿ ಸಿಗುತ್ತದೆ. ಹಿಂದೆ ಬೀದಿಗಳಲ್ಲಿ ಡಬ್ಬಿಗಳು ಜಾಸ್ತಿಯೇ ಇದ್ದವು. ಜನ ಮನೆಯ ಕಸವನ್ನೂ ತಂದು ಅದರಲ್ಲೇ ತುರುಕುತ್ತಿದ್ದರು ಅಂತ ನಗರಸಭೆಯವರು ಬಹಳಷ್ಟನ್ನು ಎತ್ತಿಬಿಟ್ಟರು. ಶಿಸ್ತು ರಕ್ತದಲ್ಲೇ ಇದ್ದಿದ್ದರೆ ಡಬ್ಬಿ ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಜೆಯ ಗಾಡಿ

ನಾನು ಉಳಿದುಕೊಂಡಿದ್ದು ಅಕ್ಕನ ಮನೆಯಲ್ಲಿ. ನನ್ನ ದೊಡ್ಡಪ್ಪನ ಮಗಳು. ಅಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೇ ಮಹಡಿ. ಕಿಟಕಿಗೆಲ್ಲ ಕಬ್ಬಿಣದ ಜಾಲರಿ, ಜಾಲರಿಯ ತುಂಬ ಕುಂಡಗಳು. ತೈಪೆಯಲ್ಲಿ ಇಂಥ ಕಟ್ಟಡಗಳು ಸಾಲುಸಾಲಾಗಿ ಇವೆ. ನಾನು ಊರು ಸುತ್ತಲು ಹೊರಟಾಗಲೆಲ್ಲ ಅಕ್ಕ ಒಂದು ಮಾತು ಹೇಳುತ್ತಿದ್ದಳು. "ಎಲ್ಲಿಗೆ ಬೇಕಾದ್ರೂ ಹೋಗು. ಏಳು ಗಂಟೆ ಹೊತ್ತಿಗೆ ಮನೇಲಿರು. ಇವತ್ತು ಗಾಡಿ ಬರುತ್ತೆ, ನಾನು ಒಬ್ಬಳೇ ಅಷ್ಟೂ ಇಳಿಸೋಕಾಗಲ್ಲ."

ಗಾಡಿ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಬೀಥೋವನ್‌ನ 'ಫ್ಯೂರ್ ಎಲೀಸ್'. ಪಿಯಾನೋ ಕಲಿಯುವ ಮಕ್ಕಳೆಲ್ಲ ನುಡಿಸುವ ಆ ಸಣ್ಣ ರಾಗ ಹಳದಿ ಲಾರಿಯ ಸ್ಪೀಕರಿನಿಂದ ಕೀಚಲಾಗಿ ಕೇಳಿಬರುತ್ತದೆ. ದೂರದಲ್ಲಿ ಒಮ್ಮೆ ಕೇಳಿಸಿ ನಿಲ್ಲುತ್ತದೆ. ಆಮೇಲೆ ಇನ್ನೊಂದು ಗಲ್ಲಿಯಲ್ಲಿ. ಆಮೇಲೆ ನಮ್ಮ ತಿರುವಿನಲ್ಲಿ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಶುರುವಾಗಿರುತ್ತದೆ. ಪ್ರತಿ ಮಹಡಿಯ ಬಾಗಿಲೂ ತೆರೆದುಕೊಳ್ಳುತ್ತದೆ. ಅಕ್ಕ ಫ್ರಿಜ್ ತೆಗೆದು ಫ್ರೀಜರಿನ ಮೂಲೆಯಿಂದ ಒಂದು ಡಬ್ಬ ಹೊರಗೆಳೆಯುತ್ತಾಳೆ. ಹಸಿ ಕಸ. ಸೆಖೆಯ ಊರು, ಗಾಡಿ ಬರುವವರೆಗೆ ಹೊರಗಿಟ್ಟರೆ ವಾಸನೆ, ಹುಳ. ಅದಕ್ಕೇ ಅಲ್ಲಿ ಬಹಳ ಮನೆಗಳಲ್ಲಿ ಸಿಪ್ಪೆ, ಮೂಳೆಗಳಿಗೆ ಫ್ರೀಜರಿನಲ್ಲಿ ಒಂದು ಜಾಗ ಮೀಸಲು. ಕಸವನ್ನು ಇಷ್ಟು ಜೋಪಾನವಾಗಿ ಎತ್ತಿಡುವುದನ್ನು ನಾನು ನೋಡಿದ್ದು ಅಲ್ಲೇ ಮೊದಲು.

ಕೆಳಗೆ ಇಳಿದರೆ ಅರ್ಧ ಗಲ್ಲಿ ಅಲ್ಲಿ ನಿಂತಿದೆ. ಸ್ಕೂಟರ್ ರಿಪೇರಿ ಅಂಗಡಿಯವನು ಗ್ರೀಸ್ ಮೆತ್ತಿದ ಕೈಯಲ್ಲೇ ಬಂದಿದ್ದಾನೆ. ಆಫೀಸಿನಿಂದ ನೇರ ಬಂದವನೊಬ್ಬ ಬ್ಯಾಗು ಬೆನ್ನಿಗೇರಿಸಿ ಎರಡೂ ಕೈಯಲ್ಲಿ ಚೀಲ ಹಿಡಿದಿದ್ದಾನೆ. ಯೂನಿಫಾರ್ಮಿನಲ್ಲೇ ಇರುವ ಇಬ್ಬರು ಹುಡುಗಿಯರು. ಇಂಡೋನೇಷ್ಯಾದಿಂದ ಬಂದು ವಯಸ್ಸಾದವರನ್ನು ನೋಡಿಕೊಳ್ಳುವ ನಾಲ್ಕಾರು ಹೆಣ್ಣುಮಕ್ಕಳು ಒಂದು ಗುಂಪಾಗಿ ನಿಂತು ತಮ್ಮ ಭಾಷೆಯಲ್ಲಿ ಎಡೆಬಿಡದೆ ಮಾತಾಡುತ್ತಿದ್ದಾರೆ. ಒಬ್ಬಳ ಪಕ್ಕ ಗಾಲಿಕುರ್ಚಿ, ಅದರಲ್ಲಿ ಟೋಪಿ ಹಾಕಿದ ಮುದುಕರು. ಅವರಿಗೂ ದಿನದ ಗಾಳಿಸೇವನೆ ಇದೇ. ಅಕ್ಕ ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. "ಈ ಹುಡುಗಿಯರಿಗೆ ಹಗಲೂ ರಾತ್ರಿ ಮನೆಯೊಳಗೇ ಕೆಲಸ. ತಮ್ಮ ಊರಿನವರ ಮುಖ ನೋಡೋದು ಈ ಹತ್ತು ನಿಮಿಷ. ಅದಕ್ಕೇ ಎಲ್ಲರಿಗಿಂತ ಮೊದಲು ಬಂದು ನಿಂತಿರ್ತಾರೆ." ಮನೆಗಳಲ್ಲಿ ಹೀಗೆ ದುಡಿಯುವವರಿಗೆ ತೈವಾನಿನ ಕಾರ್ಮಿಕ ಮಾನದಂಡ ಕಾಯ್ದೆ ಅನ್ವಯಿಸುವುದಿಲ್ಲ. ವಾರಕ್ಕೊಂದು ರಜೆಯೂ ಮನೆಯವರ ಮರ್ಜಿ. ಚೊಕ್ಕಟ ಬೀದಿಯ ಫೋಟೋದಲ್ಲಿ ಇದು ಕಾಣುವುದಿಲ್ಲ.

ಲಾರಿ ನಿಂತಿತು. ಹಿಂಬಾಗಿಲಿನ ದೊಡ್ಡ ಬಾಯಿಗೆ ಎಲ್ಲರೂ ತಮ್ಮ ತಮ್ಮ ಚೀಲ ಎಸೆಯುತ್ತಾರೆ. ನಮ್ಮ ಕೈಯಿಂದ ಚೀಲ ಇಸಿದುಕೊಳ್ಳುವವರು ಯಾರೂ ಇಲ್ಲ. ನಮ್ಮ ಕಸ, ನಾವೇ ಹಾಕಬೇಕು. ಹಿಂದೆಯೇ ಇನ್ನೊಂದು ಗಾಡಿ. ಅದು ಮರುಬಳಕೆಯದು. ಬಾಟಲಿ, ಡಬ್ಬ, ಗಾಜು, ರಟ್ಟು ಎಲ್ಲ ಅದಕ್ಕೆ. ಅದಕ್ಕೂ ವಾರದ ಲೆಕ್ಕ ಇದೆ. ಸೋಮವಾರ ಮತ್ತು ಶುಕ್ರವಾರ ಪೇಪರು, ಬಟ್ಟೆ, ಪ್ಲಾಸ್ಟಿಕ್ ಕವರಿನಂಥ ಚಪ್ಪಟೆ ವಸ್ತು. ಮಂಗಳವಾರ, ಗುರುವಾರ, ಶನಿವಾರ ಬಾಟಲಿ, ಡಬ್ಬಗಳು. ಬುಧವಾರ ಮತ್ತು ಭಾನುವಾರ ಗಾಡಿಯೇ ಇಲ್ಲ. ಗಾಡಿಯ ಹಿಂದೆ ಹಸಿ ಕಸಕ್ಕೆ ಎರಡು ಡ್ರಮ್ಮು. ಸಿಪ್ಪೆ, ಟೀ ಸೊಪ್ಪು, ಬೇಯಿಸದ ತರಕಾರಿ ಒಂದಕ್ಕೆ, ಅದು ಗೊಬ್ಬರವಾಗುತ್ತದೆ. ಬೇಯಿಸಿದ ಮುಸುರೆ ಇನ್ನೊಂದಕ್ಕೆ, ಅದು ಆಗ ಹಂದಿಗಳಿಗೆ ಹೋಗುತ್ತಿತ್ತು. ಅಕ್ಕ ಡಬ್ಬ ಕವುಚಿ ತಟ್ಟಿದಳು. ಹೆಪ್ಪುಗಟ್ಟಿದ ಉಂಡೆ ಡ್ರಮ್ಮಿನೊಳಗೆ ಧೊಪ್ ಅಂತ ಬಿತ್ತು.

ಆಗ ಒಂದು ಸಣ್ಣ ಪ್ರಸಂಗ ನಡೆಯಿತು. ಆಫೀಸಿನಿಂದ ಬಂದಿದ್ದ ಆ ಮನುಷ್ಯ ತನ್ನ ಚೀಲ ಎಸೆಯುವಾಗ ಒಳಗೆ ಕಿಣಿ ಅಂತ ಸದ್ದಾಯಿತು. ಗಾಡಿಯ ಪಕ್ಕ ನಿಂತಿದ್ದ ಪೌರಕಾರ್ಮಿಕ ಮಹಿಳೆ ಆ ಚೀಲವನ್ನೇ ಹಿಡಿದು ಎಳೆದುಕೊಂಡರು. ಒಮ್ಮೆ ಅಲ್ಲಾಡಿಸಿದರು. ಮತ್ತೆ ಕಿಣಿ. ಚೀಲವನ್ನು ಅವನ ಕೈಗೆ ವಾಪಸ್ ಕೊಟ್ಟರು. ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚಿ ಗಾಜಿನ ಸೀಸೆ ಹೊರತೆಗೆದ. ಹಿಂದಿನ ಗಾಡಿಗೆ ಹಾಕಿ ಬಂದ. ಗಂಟು ಮತ್ತೆ ಕಟ್ಟಿ ಚೀಲ ಎಸೆದ. ಇಡೀ ಗಲ್ಲಿ ನೋಡುತ್ತಿತ್ತು. ಯಾರೂ ನಗಲಿಲ್ಲ. ಆದರೆ ಎಲ್ಲರೂ ನೋಡಿದರು. ಇದೆಲ್ಲ ಒಂದು ನಿಮಿಷದ ಮಾತು. ಲಾರಿ ರಾಗ ಹಾಕಿಕೊಂಡು ಮುಂದಿನ ತಿರುವಿಗೆ ಹೊರಟಿತು. ಬೀದಿ ಮೊದಲಿನ ಹಾಗೇ ಖಾಲಿ.

ಆ ಮಹಿಳೆಯ ಕೈಯಲ್ಲಿದ್ದ ಅಧಿಕಾರ ನನಗೆ ಬಹಳ ಹಿಡಿಸಿತು. ಕಸ ಎತ್ತುವವರನ್ನು ಕಣ್ಣೆತ್ತಿ ನೋಡದೆ ಬದುಕುವುದು ಎಷ್ಟು ಸುಲಭ. ಇಲ್ಲಿ ಹಾಗೆ ಬದುಕಲು ಬರುವುದಿಲ್ಲ. ವಾರಕ್ಕೆ ಐದು ದಿನ ಅವರ ಮುಖ ನೋಡಲೇಬೇಕು. ಸರಿ ಇಲ್ಲದ್ದನ್ನು ಅವರು ವಾಪಸ್ ಕೊಟ್ಟರೆ ಕೈ ಚಾಚಿ ಇಸಿದುಕೊಳ್ಳಬೇಕು.

ಚೀಲದ ಬೆಲೆ

ಎಸೆಯುವ ಆ ಚೀಲ ಯಾವುದೋ ಒಂದು ಚೀಲವಲ್ಲ. ನಗರಸಭೆಯವರೇ ಮಾಡಿಸಿದ ತಿಳಿನೀಲಿ ಚೀಲ, ಮೇಲೆ ನಕಲಿ ತಡೆಯುವ ಗುರುತು. ಮೂರು ಲೀಟರಿನಿಂದ 120 ಲೀಟರಿನವರೆಗೆ ಅಳತೆಗಳಿವೆ. ಲೀಟರಿಗೆ 0.36 ತೈವಾನ್ ಡಾಲರ್ ಲೆಕ್ಕ. 25 ಲೀಟರಿನ ಒಂದು ಚೀಲಕ್ಕೆ 9 ಡಾಲರ್ ಆಗುತ್ತದೆ. ಬೀದಿಬೀದಿಯಲ್ಲಿರುವ ಸೆವೆನ್ ಇಲೆವೆನ್‌ನಂಥ ಅಂಗಡಿಗಳಲ್ಲಿ ಸಿಗುತ್ತದೆ. ಸಾಮಾನು ಹಾಕಿಕೊಡುವ ಕೈಚೀಲವನ್ನೇ ಆಮೇಲೆ ಕಸದ ಚೀಲವಾಗಿ ಬಳಸುವ ಹಾಗೆ ಮಾಡಿದ್ದೂ ಇದೆ. ಅದು ನನಗೆ ಜಾಣತನ ಅನ್ನಿಸಿತು. ಒಂದು ಪ್ಲಾಸ್ಟಿಕ್ ಚೀಲ ಎರಡು ಕೆಲಸ ಮಾಡಿ ಹೋಗುತ್ತದೆ.

ಮುಖ್ಯ ಸಂಗತಿ ಇರುವುದು ಬೆಲೆ ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದರಲ್ಲಿ. ಸುಡುವುದಕ್ಕೆ ಹೋಗುವ ಕಸಕ್ಕೆ ಮಾತ್ರ ಈ ಚೀಲ ಬೇಕು. ಬಾಟಲಿ, ಪೇಪರು, ಹಸಿ ಕಸ ಕೊಡುವುದಕ್ಕೆ ದುಡ್ಡಿಲ್ಲ. ಅಂದರೆ ವಿಂಗಡಿಸಿದಷ್ಟೂ ಚೀಲ ಚಿಕ್ಕದಾಗುತ್ತದೆ, ಖರ್ಚು ಕಡಿಮೆಯಾಗುತ್ತದೆ. ಈ ಪದ್ಧತಿ ಶುರುವಾದದ್ದು 2000ದ ಜುಲೈ 1ರಂದು. ಅದಕ್ಕೂ ಮೊದಲು ಕಸದ ಶುಲ್ಕ ನೀರಿನ ಬಿಲ್ಲಿನ ಜೊತೆ ಬರುತ್ತಿತ್ತು. ನೀರು ಎಷ್ಟು ಬಳಸಿದಿರೋ ಅದರ ಮೇಲೆ ಕಸದ ದುಡ್ಡು. ಯೋಚಿಸಿ ನೋಡಿ, ದಿನಾ ಬಟ್ಟೆ ಒಗೆಯುವ ದೊಡ್ಡ ಸಂಸಾರ ಜಾಸ್ತಿ ಕೊಡುತ್ತಿತ್ತು. ಹೊರಗಿನ ಊಟ ತರಿಸಿ ರಾಶಿ ಡಬ್ಬ ಎಸೆಯುವವನು ಕಡಿಮೆ ಕೊಡುತ್ತಿದ್ದ. ಕಸ ಕಡಿಮೆ ಮಾಡಿದರೆ ಯಾರಿಗೂ ಏನೂ ಉಳಿತಾಯ ಇರಲಿಲ್ಲ. 2000ದಲ್ಲಿ ಬದಲಾದದ್ದು ಜನರಲ್ಲ, ಈ ಲೆಕ್ಕ. ಆ ಬದಲಾವಣೆಗೆ ಮೊದಲು ಊರಿನ ಮನೆಗಳಿಂದ ದಿನಕ್ಕೆ ಸುಮಾರು 3,000 ಟನ್ ಕಸ ಬರುತ್ತಿತ್ತು. ವರ್ಷಗಳು ಕಳೆದ ಹಾಗೆ ಅದು ಮೂರರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಯಿತು.

ದುಡ್ಡಿನ ಲೆಕ್ಕಾಚಾರಕ್ಕೆ ಮಣಿದದ್ದು ಸಂಸ್ಕೃತಿ ಹೇಗಾಗುತ್ತದೆ ಅಂತ ಕೆಲವರು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂಬತ್ತು ಡಾಲರಿಗೆ ಹೆದರಿ ಯಾರೂ ಮೂಳೆ, ಸಿಪ್ಪೆಯನ್ನು ಫ್ರೀಜರಿನಲ್ಲಿ ಇಡುವುದಿಲ್ಲ. ಶುರುವಿನಲ್ಲಿ ಬೆಲೆ ತಳ್ಳಿರಬೇಕು. ಆಮೇಲೆ ಕೈಗೆ ರೂಢಿಯಾಯಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಬೇರೆ ರೀತಿ ಇರಬಹುದು ಅನ್ನುವುದೇ ಗೊತ್ತಿಲ್ಲ. ಅಕ್ಕನ ಮನೆಗೆ ಬಂದಿದ್ದ ಪಕ್ಕದ ಮನೆಯ ಹುಡುಗಿಯೊಬ್ಬಳು ಹಾಲಿನ ರಟ್ಟಿನ ಡಬ್ಬ ಖಾಲಿಯಾದ ತಕ್ಷಣ ನಲ್ಲಿ ಕೆಳಗೆ ತೊಳೆದು, ಮಡಚಿ, ಚಪ್ಪಟೆ ಮಾಡಿ ಇಟ್ಟಳು. ಯಾರೂ ಹೇಳಿರಲಿಲ್ಲ. ಅವಳು ನಮ್ಮ ಜೊತೆ ಮಾತು ನಿಲ್ಲಿಸಲೂ ಇಲ್ಲ. ಹುಟ್ಟಿನಿಂದ ಬಂದದ್ದು ಅಂತ ನಾವು ತಿಳಿಯುವುದು ಬಹಳ ಸಲ ಇಂಥದ್ದನ್ನೇ.

ಅಜ್ಜಿ ನೋಡಿದ ಬೆಟ್ಟ

ನೆಲಮಹಡಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಗಾಡಿ ಬರುವುದಕ್ಕೆ ಅರ್ಧ ಗಂಟೆ ಮೊದಲೇ ಬಾಗಿಲ ಮುಂದೆ ಸ್ಟೂಲು ಹಾಕಿ ಕೂರುತ್ತಿದ್ದರು. ಅಕ್ಕನಿಗೆ ಅವರ ಜೊತೆ ಒಳ್ಳೆ ಸಲಿಗೆ. ಅವರ ಮಾತನ್ನು ಅಕ್ಕ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜಿ ಮದುವೆಯಾಗಿ ಬಂದಾಗ ಇದ್ದದ್ದು ತೈಪೆಯದೇ ನೈಹು ಬಡಾವಣೆ ಕಡೆ. ಕೀಲುಂಗ್ ನದಿಯ ದಡದಲ್ಲಿ ನಗರದ ಕಸ ಸುರಿದು ಸುರಿದು ಒಂದು ಬೆಟ್ಟವೇ ಎದ್ದಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಒಗೆದ ಬಟ್ಟೆಗೂ ನಾತ. 1984ರಲ್ಲಿ ಆ ಬೆಟ್ಟಕ್ಕೆ ಬೆಂಕಿ ಬಿತ್ತು. ಒಳಗೊಳಗೇ ಕೊಳೆತು ಹುಟ್ಟಿದ ಅನಿಲ ಹೊತ್ತಿಕೊಂಡರೆ ನೀರು ಹಾಕಿದರೂ ಬೇಗ ಆರುವುದಿಲ್ಲ. "ಕಿಟಕಿ ಮುಚ್ಚಿಕೊಂಡು ಕೂತಿದ್ವಿ. ಮಗನಿಗೆ ಕೆಮ್ಮು ನಿಲ್ತಾನೇ ಇರಲಿಲ್ಲ," ಅಂದರು ಅಜ್ಜಿ. ಆಗ ಬೀದಿಯಲ್ಲಿ ಕಸ ಎಲ್ಲಿ ಹಾಕುತ್ತಿದ್ದಿರಿ ಅಂತ ಕೇಳಿದೆ. ಅಜ್ಜಿ ಎದುರಿನ ವಿದ್ಯುತ್ ಕಂಬ ತೋರಿಸಿದರು. ಕಂಬದ ಬುಡಕ್ಕೆ. ಎಲ್ಲರೂ ಅಲ್ಲೇ. ನಾಯಿ, ಇಲಿ, ಜಿರಲೆ, ಮಳೆ ಬಂದರೆ ಎಲ್ಲ ಚರಂಡಿಗೆ.

ಅದೇ ಜನ. ಅದೇ ಅಜ್ಜಿ. ಆವತ್ತು ಕಂಬದ ಬುಡಕ್ಕೆ ಹಾಕಿದ ಕೈಯೇ ಇವತ್ತು ಸಿಪ್ಪೆ ಬೇರೆ, ಮುಸುರೆ ಬೇರೆ ಮಾಡುತ್ತಿದೆ.

ನೈಹು ಬೆಟ್ಟ 1985ರಲ್ಲಿ ಮುಚ್ಚಿತು. ಕಸ ಫೂದೆಕೆಂಗ್ ಅನ್ನುವ ಕಣಿವೆಗೆ ಹೋಗತೊಡಗಿತು. ಅದು 1994ರ ಹೊತ್ತಿಗೆ ತುಂಬಿತು. ಆಮೇಲೆ ಶಾನ್‌ಝೂಕು ಅನ್ನುವ ಇನ್ನೊಂದು ಕಣಿವೆ. ಹತ್ತು ವರ್ಷಕ್ಕೆ ಒಂದು ಕಣಿವೆ ತುಂಬಿದರೆ ಸುತ್ತ ಗುಡ್ಡಗಳೇ ಇರುವ ಊರು ಎಷ್ಟು ದಿನ ತಡೆದೀತು? 1990ರ ದಶಕದಲ್ಲಿ ತೈವಾನಿನ ಹಲವು ಊರುಗಳಲ್ಲಿ ಸುರಿಯಲು ಜಾಗವಿಲ್ಲದೆ ಕಸ ಬೀದಿಯಲ್ಲೇ ಕೊಳೆಯಿತು. ಒಂದು ಊರಿನ ಲಾರಿಯನ್ನು ಪಕ್ಕದ ಊರಿನವರು ರಸ್ತೆಗೆ ಅಡ್ಡ ನಿಂತು ತಡೆದರು. ಪತ್ರಿಕೆಗಳು ಅದನ್ನು ಕಸದ ಯುದ್ಧ ಅಂತಲೇ ಕರೆದವು.

ಫೂದೆಕೆಂಗಿಗೆ ನಾನು ಒಬ್ಬನೇ ಹೋಗಿದ್ದೆ. ಈಗ ಅದು ಉದ್ಯಾನ. ಹುಲ್ಲು, ನಡೆಯುವ ದಾರಿ, ಇಳಿಜಾರಿನ ಮೇಲೆ ಸಾಲುಸಾಲು ಸೌರ ಫಲಕ. ನೋಡಿದರೆ ಒಂದು ಸಾಧಾರಣ ಗುಡ್ಡ. ನೆಲದಡಿಯ ಕಸದಿಂದ ಏಳುವ ಅನಿಲವನ್ನು ಕೊಳವೆಯಲ್ಲಿ ಹಿಡಿದು ಕರೆಂಟು ಮಾಡಿದ್ದಾರೆ. ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದ ಒಂದು ಸಂಸಾರ ಇತ್ತು. ಆ ಮಕ್ಕಳ ಕಾಲಡಿ ಅವರ ಅಜ್ಜ ಅಜ್ಜಿ ಎಸೆದದ್ದೆಲ್ಲ ಇನ್ನೂ ಇದೆ. ಹೂತಿಟ್ಟದ್ದು ಹೋಗುವುದಿಲ್ಲ. ಚೆಂದ ಮಾಡಬಹುದು, ಅಷ್ಟೇ. ನೈಹುವಿನ ಬೆಟ್ಟವನ್ನಂತೂ ಈ ಶತಮಾನದಲ್ಲಿ ಪೂರ್ತಿ ಅಗೆದು, ಜರಡಿ ಹಿಡಿದು, ಬೇರ್ಪಡಿಸಿ ತೆಗೆಯಬೇಕಾಯಿತು. ಮೊದಲೇ ಮನೆಯಲ್ಲಿ ಎರಡು ನಿಮಿಷದಲ್ಲಿ ಆಗಬಹುದಾಗಿದ್ದ ವಿಂಗಡಣೆಗೆ ಆಮೇಲೆ ವರ್ಷಗಟ್ಟಲೆ ಯಂತ್ರಗಳು ದುಡಿದವು.

ಶಾನ್‌ಝೂಕು ಆದಮೇಲೆ ಮೂರನೇ ಕಣಿವೆಯನ್ನೂ ನೋಡಿಟ್ಟಿದ್ದರು. ಅದು ಬೇಕಾಗಲೇ ಇಲ್ಲ. ಅಲ್ಲಿ ಎಲ್ಲೋ ಒಂದು ಹೊಳೆ, ಒಂದಿಷ್ಟು ಮರ, ನಾಲ್ಕು ಹಳ್ಳಿ ಮನೆ ಉಳಿದುಕೊಂಡಿವೆ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಸಂಗತಿ ಇದೇ.

ಇದನ್ನು ಮಾಡಿದವರು

ಒಳ್ಳೆಯ ಮೇಯರ್ ಒಬ್ಬ ಬಂದ, ಎಲ್ಲ ಸರಿಹೋಯಿತು ಅನ್ನುವ ಕಥೆ ಇದಲ್ಲ. 38 ವರ್ಷ ಇದ್ದ ಸೇನಾ ಕಾನೂನು ತೈವಾನಿನಲ್ಲಿ ಹೋದದ್ದು 1987ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಲುಕಾಂಗ್ ಅನ್ನುವ ಹಳೆಯ ಬಂದರು ಪಟ್ಟಣದ ಜನ ಅಲ್ಲಿ ಬರಬೇಕಿದ್ದ ಡುಪಾಂಟ್ ರಾಸಾಯನಿಕ ಕಾರ್ಖಾನೆಯ ವಿರುದ್ಧ ಬೀದಿಗಿಳಿದಿದ್ದರು. ಸಭೆ ಸೇರುವುದೇ ಅಪರಾಧವಾಗಿದ್ದ ಕಾಲ ಅದು. ಕಂಪನಿ ಹಿಂದೆ ಸರಿಯಿತು. 1987ರಲ್ಲೇ ತೈಪೆಯಲ್ಲಿ ಗೃಹಿಣಿಯರು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡರು. ಅಡುಗೆಮನೆಯ ಕಸ, ಮಕ್ಕಳ ಊಟದಲ್ಲಿರುವ ವಿಷ, ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟ, ಇವನ್ನೇ ಹಿಡಿದು ಕೂತರು. ಇದು ದೊಡ್ಡ ರಾಜಕೀಯ ವಿಷಯ ಅಂತ ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ. 1990ರಲ್ಲಿ ತೈಚುಂಗ್ ನಗರದ ಒಂದು ಸಭೆಯಲ್ಲಿ ತ್ಸು ಚಿ ಅನ್ನುವ ಸೇವಾಸಂಸ್ಥೆಯ ಬೌದ್ಧ ಸನ್ಯಾಸಿನಿ ಚೆಂಗ್ ಯೆನ್, ಚಪ್ಪಾಳೆ ತಟ್ಟುವ ಕೈಗಳನ್ನು ಕಸ ವಿಂಗಡಿಸುವುದಕ್ಕೆ ಬಳಸಿ ಅಂತ ಕೇಳಿಕೊಂಡರು. ಅಲ್ಲಿಂದ ಶುರುವಾದ ಕೆಲಸ ಇವತ್ತು ದ್ವೀಪದ ತುಂಬ ಹರಡಿದೆ. ವಯಸ್ಸಾದವರು ಗುಂಪಾಗಿ ಕೂತು ಬಾಟಲಿಯ ಮುಚ್ಚಳ ಬೇರೆ, ಉಂಗುರ ಬೇರೆ ಮಾಡುತ್ತಾರೆ.

ಕಾನೂನಿನ ಕೆಲಸವೂ ಜೊತೆಗೆ ನಡೆಯಿತು. 1990ರ ದಶಕದ ಕೊನೆಯ ವರ್ಷಗಳಲ್ಲಿ ತೈಪೆಯಲ್ಲಿ ಕಸ ನೆಲ ಮುಟ್ಟಬಾರದು ಅನ್ನುವ ನಿಯಮ ಬಂತು. ಕಂಬದ ಬುಡ, ಬೀದಿ ಮೂಲೆ ಎಲ್ಲ ಬಂದ್. ಗಾಡಿ ಬಂದಾಗ ನೇರ ಗಾಡಿಗೇ ಹಾಕಬೇಕು. ಅದೇ ಹೊತ್ತಿಗೆ ದೇಶದ ಮಟ್ಟದಲ್ಲಿ ಒಂದು ನಿಧಿ ಆಯಿತು. ಬಾಟಲಿ, ಟೈರು, ಬ್ಯಾಟರಿ, ಟೀವಿ ತಯಾರಿಸುವವರು ಮತ್ತು ಆಮದು ಮಾಡುವವರು ಅದಕ್ಕೆ ದುಡ್ಡು ಕಟ್ಟಬೇಕು. ಆ ದುಡ್ಡಿನಲ್ಲಿ ಮರುಬಳಕೆ ಮಾಡುವವರಿಗೆ ಸಹಾಯಧನ. ನನಗೆ ಇದು ಚೀಲದಷ್ಟೇ ಮುಖ್ಯ ಅನ್ನಿಸುತ್ತದೆ. ಮನೆಯವರ ಮೇಲೆ ಮಾತ್ರ ಭಾರ ಹಾಕಿ, ಆ ಬಾಟಲಿ ಮಾಡಿದವನನ್ನು ಸುಮ್ನೆ ಬಿಟ್ಟಿದ್ದರೆ ಜನ ಇಷ್ಟು ವರ್ಷ ಸಹಿಸುತ್ತಿರಲಿಲ್ಲ. 2003ರ ಕೊನೆಗೆ ಹಸಿ ಕಸದ ಡ್ರಮ್ಮುಗಳು ತೈಪೆಯ ಎಲ್ಲ ಬೀದಿಗಳಿಗೂ ಬಂದವು. ಒಂದರ ಹಿಂದೆ ಒಂದು. ಎಲ್ಲವೂ ಒಂದೇ ದಿನ ಬಂದಿದ್ದರೆ ಬಹುಶಃ ಒಂದೂ ನಿಲ್ಲುತ್ತಿರಲಿಲ್ಲ.

ಫೋಟೋಗೆ ಬಾರದ್ದು

ಇನ್ನು ಕೆಲವು ಸಂಗತಿ ಹೇಳದಿದ್ದರೆ ನಾನೂ ಪ್ರವಾಸಿ ಬರಹ ಬರೆದಂತಾಗುತ್ತದೆ. ನೀಲಿ ಚೀಲದಲ್ಲಿ ಹೋಗುವುದೆಲ್ಲ ಬೆಂಕಿಗೆ ಹೋಗುತ್ತದೆ. ತೈಪೆಗೆ ಕಸ ಸುಡುವ ಮೂರು ಘಟಕಗಳಿವೆ. ಮೂಝಾ ಬಡಾವಣೆಯ ಘಟಕ ಮೃಗಾಲಯದ ಹತ್ತಿರವೇ ಇದೆ, ಅದರ 150 ಮೀಟರ್ ಎತ್ತರದ ಚಿಮಣಿಯ ಮೇಲೆ ಜಿರಾಫೆಗಳ ಚಿತ್ರ ಬಿಡಿಸಿದ್ದಾರೆ. ಬೇತೌ ಬಡಾವಣೆಯ ಘಟಕದ ಚಿಮಣಿಯಲ್ಲಿ ಮೇಲೆ ಹತ್ತಿ ಊರು ನೋಡುವ ಜಾಗ ಕಟ್ಟಿದ್ದಾರೆ. ಮಕ್ಕಳು ಜಿರಾಫೆ ನೋಡಿ ಕುಣಿಯುವುದನ್ನು ನಾನೂ ನೋಡಿದೆ. ಕಸವನ್ನು ಕಣ್ಣಿಂದ ಮರೆಮಾಡದೆ ಊರ ನಡುವೆ ಎತ್ತಿ ನಿಲ್ಲಿಸಿದ್ದಾರೆ ಅನ್ನುವುದು ಸರಿ. ಆದರೆ ಬಣ್ಣ ಬಳಿದರೂ ಹೊಗೆ ಹೊಗೆಯೇ, ಬೂದಿ ಬೂದಿಯೇ. ಊರಿನ ಕಸ ಕಡಿಮೆಯಾದಮೇಲೆ ಬೇರೆ ಊರುಗಳ ಕಸವೂ ಈ ಕುಲುಮೆಗಳಿಗೆ ಬರುತ್ತದೆ. ಚಿಮಣಿಯ ಪಕ್ಕ ಇರುವವರು ತಾವು ಮಾಡದ ಕಸದ ಗಾಳಿಯನ್ನೂ ಕುಡಿಯಬೇಕು.

ಮುಸುರೆಯ ಡ್ರಮ್ಮಿನ ಕಥೆಯೂ ನೇರ ಇಲ್ಲ. ಹಂದಿಗಳಿಗೆ ಹಾಕುವ ಮೊದಲು ಅದನ್ನು ಚೆನ್ನಾಗಿ ಕುದಿಸಲೇಬೇಕು ಅನ್ನುವ ನಿಯಮ ಇತ್ತು. 2025ರ ಅಕ್ಟೋಬರಿನಲ್ಲಿ ತೈಚುಂಗಿನ ಒಂದು ಹಂದಿ ಫಾರಂನಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಮುಸುರೆ ಹಾಕುವುದಕ್ಕೆ ತಡೆ ಬಿತ್ತು. ಅಷ್ಟೊಂದು ಅನ್ನ, ಸಾರು, ನೂಡಲ್ಸು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆ ಒಂದೇ ದಿನದಲ್ಲಿ ಎದ್ದು ನಿಂತಿತು. ಹಂದಿಯ ಹೊಟ್ಟೆ ಇದೆ ಅನ್ನುವ ಧೈರ್ಯದಲ್ಲಿ ತಟ್ಟೆಯಲ್ಲಿ ಉಳಿಸುವುದನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಟೀ ಅಂಗಡಿಗಳ ಕಥೆಯೂ ಹೀಗೇ. 2022ರ ಡಿಸೆಂಬರಿನಿಂದ ತೈಪೆಯಲ್ಲಿ ಪ್ಲಾಸ್ಟಿಕ್ ಲೋಟ ಕೊಡುವ ಹಾಗಿಲ್ಲ. ನಿಮ್ಮದೇ ಲೋಟ ಒಯ್ದರೆ ಕನಿಷ್ಠ 5 ಡಾಲರ್ ಕಡಿಮೆ. ಒಳ್ಳೆಯದೇ. ಆದರೂ ಸಂಜೆ ಅಂಗಡಿಗಳ ಮುಂದೆ ಪೇಪರ್ ಲೋಟಗಳ ಹೊಳೆ ಹರಿಯುತ್ತಲೇ ಇರುತ್ತದೆ. ಎಸೆಯುವುದರಲ್ಲಿ ಪಳಗಿದ ಊರು ಕೊಳ್ಳುವುದರಲ್ಲಿ ಇನ್ನೂ ಪಳಗಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಆ ಸಂಜೆಯ ಹೊತ್ತು. ಏಳು ಗಂಟೆಗೆ ಮನೆಯಲ್ಲಿ ಇರಬಲ್ಲವರು ಯಾರು? ದೊಡ್ಡ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ನೆಲಮಾಳಿಗೆಯಲ್ಲಿ ಕಸದ ಕೋಣೆ ಇದೆ. ತಿಂಗಳ ನಿರ್ವಹಣೆ ಶುಲ್ಕ ಕಟ್ಟಿದರೆ ಬೇರೆಯವರು ನೋಡಿಕೊಳ್ಳುತ್ತಾರೆ. ಗಾಡಿಗೆ ಕಾಯಬೇಕಾದವರು ಲಿಫ್ಟ್ ಇಲ್ಲದ ಹಳೆಯ ಕಟ್ಟಡದವರು, ಬಾಡಿಗೆ ಕೋಣೆಯವರು, ರಾತ್ರಿ ಪಾಳಿಯವರು. ಅಕ್ಕನ ಮೇಲಿನ ಮಹಡಿಯಲ್ಲಿ ಒಬ್ಬ ನರ್ಸ್ ಇದ್ದಳು. ಅವಳ ಪಾಳಿಗೂ ಗಾಡಿಗೂ ಹೊಂದುತ್ತಿರಲಿಲ್ಲ. ಚೀಲಗಳು ಬಚ್ಚಲುಮನೆಯಲ್ಲಿ ಸೇರುತ್ತಿದ್ದವು. ಕೊನೆಗೆ ನೆಲಮಹಡಿಯ ಅಜ್ಜಿಯೇ ಅವಳ ಚೀಲವನ್ನೂ ಹಾಕತೊಡಗಿದರು. ಬದಲಿಗೆ ಅವಳು ಅಜ್ಜಿಯ ಬಿಪಿ ನೋಡಿಕೊಡುತ್ತಾಳೆ. ಕೇಳುವುದಕ್ಕೆ ಚೆಂದ. ಆದರೆ ಅಂಥ ಅಜ್ಜಿ ಇಲ್ಲದ ಕಟ್ಟಡದ ನರ್ಸ್ ಏನು ಮಾಡಬೇಕು?

ಒಂದು ಗಂಟೆ ರೈಲಿನಾಚೆ

ಜನಾನೇ ಹಾಗೆ ಅನ್ನುವವರಿಗೆ ನಾನು ಈಗ ಒಂದು ಸಂಗತಿ ಹೇಳುತ್ತೇನೆ. ತೈಪೆಯನ್ನು ಸುತ್ತುವರಿದಿರುವ ನ್ಯೂ ತೈಪೆ ಚೀಲದ ಪದ್ಧತಿಗೆ ಪೂರ್ತಿ ಬಂದದ್ದು ಹತ್ತು ವರ್ಷ ತಡವಾಗಿ, 2010ರಲ್ಲಿ. ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ ದೂರದ ತೈಚುಂಗ್, ಇನ್ನೂ ದಕ್ಷಿಣದ ಕಾವ್‌ಶ್ಯುಂಗ್, ಇಡೀ ಊರಿಗೆ ಈ ಪದ್ಧತಿ ತಂದೇ ಇಲ್ಲ. ಅಲ್ಲಿ ಕಸದ ಶುಲ್ಕ ನೀರಿನ ಬಿಲ್ಲಿನ ಜೊತೆಗೇ ಬರುತ್ತದೆ. ಅಲ್ಲಿಯೂ ಗಾಡಿ ರಾಗ ಹಾಡಿಕೊಂಡೇ ಬರುತ್ತದೆ, ಅಲ್ಲಿಯೂ ಅದೇ ಭಾಷೆ, ಅದೇ ಹಬ್ಬ, ಅದೇ ಶಾಲೆಯ ಪಾಠ. ರಕ್ತ ಒಂದು ಗಂಟೆಯ ಹಾದಿಯಲ್ಲಿ ಬದಲಾಗುವುದಿಲ್ಲ. ಬದಲಾಗುವುದು ನಗರಸಭೆಯ ತೀರ್ಮಾನ. ಹೊಸ ಶುಲ್ಕ ಹಾಕಿ ಮತ ಕಳೆದುಕೊಳ್ಳುವ ಧೈರ್ಯ ಯಾರಿಗಿದೆ, ಯಾರಿಗಿಲ್ಲ ಅನ್ನುವುದು.

ತೈಪೆಯಲ್ಲೂ ತೀರ್ಮಾನಗಳು ಮುಗಿದಿಲ್ಲ. ಗಾಡಿಯ ಹೊತ್ತಿಗೆ ಬರಲಾಗದವರಿಗೆ ಅಂತ ನಗರಸಭೆಯವರು ಅಲ್ಲಲ್ಲಿ ಕಸ ತೆಗೆದುಕೊಳ್ಳುವ ಜಾಗಗಳನ್ನು ಮಾಡಿದ್ದಾರೆ. ಗೊತ್ತುಪಡಿಸಿದ ಗಂಟೆಗಳಲ್ಲಿ ಯಾವಾಗ ಬೇಕಾದರೂ ಹೋಗಿ ಕೊಟ್ಟುಬರಬಹುದು. ಇವು ಇನ್ನೂ ಜಾಸ್ತಿಯಾಗಬೇಕು ಅನ್ನುವುದು ಅಕ್ಕನ ವಾದ. ಬೇಡವೇ ಬೇಡ ಅನ್ನುವುದು ಅಜ್ಜಿಯ ವಾದ. "ಯಾರೂ ನೋಡದಿರೋ ಹೊತ್ತಲ್ಲಿ ಹಾಕೋಕೆ ಬಿಟ್ರೆ ಮತ್ತೆ ಕಂಬದ ಬುಡವೇ," ಅಂತ ಅವರು ಸ್ಟೂಲಿನ ಮೇಲೆ ಕೂತೇ ಕೈ ಬೀಸಿದರು. ಅಜ್ಜಿಯ ಭಯ ನನಗೆ ಅರ್ಥವಾಗುತ್ತದೆ. ಅವರು ಆ ಹೊಗೆ ಕುಡಿದವರು. ಇಡೀ ಗಲ್ಲಿಯ ಕಣ್ಣಿಗೆ ಎಷ್ಟು ಬಲ ಇದೆ ಅನ್ನುವುದನ್ನು ಆ ಸೀಸೆಯ ಪ್ರಸಂಗದಲ್ಲಿ ನಾನೇ ಕಂಡಿದ್ದೇನೆ. ಆದರೂ ನಾನು ಅಕ್ಕನ ಪಕ್ಷ. ಚೀಲದ ಬೆಲೆ ಇರಲಿ, ವಿಂಗಡಣೆ ಇರಲಿ, ತಪ್ಪಿದರೆ ವಾಪಸ್ ಕೊಡುವ ಆ ಕೈಯೂ ಇರಲಿ. ಹೊತ್ತು ಮಾತ್ರ ಮೇಲಿನ ಮಹಡಿಯ ನರ್ಸಿಗೂ ಹೊಂದುವಂತಿರಬೇಕು. ಗಾಡಿಯನ್ನು ಹಿಡಿಯಲಾಗದೆ ಚೀಲವನ್ನು ಬಚ್ಚಲಲ್ಲಿ ಇಟ್ಟುಕೊಂಡವಳು ಊರಿನ ಮೇಲೆ ಬೇಸರಪಟ್ಟರೆ ತಪ್ಪು ಅವಳದಲ್ಲ.